ಮಿರಗದ ಹುಳಕ್ಕೆ ಎಷ್ಟು ಎಂಎಂ ಲೆನ್ಸ್ ಬೇಕು?

ಜೂನ್ ಮೊದಲ ವಾರ ದಾಟಿ, ಮಿರಗ (ಮೃಗಶಿರಾ) ಮಳೆ ಒಂದೆರಡು ಸಲ ಚೆನ್ನಾಗಿ ಹೊಡೆಯಿತೆಂದರೆ ಧಾರವಾಡ ಸುತ್ತಲಿನ ಮಸಾರಿ ಹೊಲಗಳ ಬದುವಿನಲ್ಲಿ ಕೆಂಪು ಮಖಮಲ್ಲು ಹೊದ್ದ ಪುಟ್ಟ ಹುಳಗಳು ಹೊರಗೆ ಬರುತ್ತವೆ. ಮಕ್ಕಳು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ದೊಡ್ಡವರು ಮೊಬೈಲ್ ತೆಗೆಯುತ್ತಾರೆ. ದೂರದಿಂದ ತೆಗೆದರೆ ಮಣ್ಣಿನ ಮೇಲೊಂದು ಕುಂಕುಮದ ಬೊಟ್ಟು. ಹತ್ತಿರ ಹಿಡಿದರೆ ಹಿಂದಿನ ಹೆಂಟೆ ಸ್ಪಷ್ಟ, ಹುಳ ಮಸುಕು.

ಹಾವೇರಿ ಕಡೆ ಮೆಣಸಿನಕಾಯಿ ಬೆಳೆಯುವವರದ್ದೂ ಇದೇ ಪಾಡು. ಅವರದು ಶೋಕಿಯಲ್ಲ ಅಷ್ಟೇ. ಎಲೆ ಮುದುಡಿರುತ್ತದೆ, ಹೂವಿನೊಳಗೆ ಏನೋ ಹರಿದಾಡುತ್ತಿರುತ್ತದೆ. ಫೋಟೊ ತೆಗೆದು ತಿಳಿದವರಿಗೆ ವಾಟ್ಸಾಪ್ ಮಾಡಿದರೆ, 'ಏನೂ ಕಾಣಲ್ಲ, ಗಿಡಾನೇ ತಗೊಂಡು ಬನ್ನಿ' ಎಂಬ ಉತ್ತರ ಬರುತ್ತದೆ.

ಕೈಯಲ್ಲಿ ಕ್ಯಾಮೆರಾ ಇದ್ದವರಿಗೆ ಆಗ ಸಣ್ಣದನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನ ನೆನಪಾಗುತ್ತದೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟು ಎಂಎಂ ತಗೋಬೇಕು? (ಎಂಎಂ ಅಂದರೆ ಲೆನ್ಸಿನ ಫೋಕಲ್ ಲೆಂಗ್ತ್. ಅದು ಜಾಸ್ತಿಯಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ.) ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ. ನೀವು ತೆಗೆಯುವ ಜೀವಿ ಎಷ್ಟು ದೊಡ್ಡದು? ಅದು ನಿಮ್ಮನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ? ಇವಕ್ಕೆ ಉತ್ತರ ಸಿಕ್ಕರೆ ಎಂಎಂ ತಾನಾಗಿಯೇ ಇತ್ಯರ್ಥವಾಗುತ್ತದೆ.

ಮ್ಯಾಕ್ರೋ ಅಂದರೆ ನಿಜಕ್ಕೂ ಏನು?

ಕ್ಯಾಮೆರಾದೊಳಗೆ, ಹಿಂದೆ ಫಿಲ್ಮು ಇರುತ್ತಿದ್ದ ಜಾಗದಲ್ಲಿ ಈಗ ಸೆನ್ಸರ್ ಇದೆ. ಲೆನ್ಸು ಹೊರಗಿನ ದೃಶ್ಯವನ್ನು ಅದರ ಮೇಲೆ ಬೀಳಿಸುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಈ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ಅಗಲ ಸುಮಾರು 23.5 ಮಿ.ಮೀ., ಕ್ಯಾನನ್‌ನಲ್ಲಿ ಇನ್ನೂ ಒಂಚೂರು ಕಮ್ಮಿ.

ಒಂದು ಸೆಂಟಿಮೀಟರ್ ಉದ್ದದ ಹುಳದ ಬಿಂಬ ಸೆನ್ಸರ್ ಮೇಲೂ ಸರಿಯಾಗಿ ಒಂದು ಸೆಂಟಿಮೀಟರ್ ಬಿದ್ದರೆ ಅದು 1:1. ಇದ್ದಷ್ಟೇ ಗಾತ್ರ. ಅರ್ಧ ಸೆಂಟಿಮೀಟರ್ ಬಿದ್ದರೆ 1:2. ಸಾಮಾನ್ಯವಾಗಿ 1:1 ತಲುಪುವ ಲೆನ್ಸನ್ನೇ ಮ್ಯಾಕ್ರೋ ಅನ್ನುತ್ತಾರೆ. ಹಾಗೆಂದು ಅಂಗಡಿಯಲ್ಲಿ ಮ್ಯಾಕ್ರೋ ಎಂದು ಬರೆದದ್ದೆಲ್ಲ ಮ್ಯಾಕ್ರೋ ಅಲ್ಲ.

ಇದು ನನಗೆ ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 70-300 ಎಂಎಂ ಝೂಮ್ ತೋರಿಸಿ, 'ಇದರಾಗ ಮ್ಯಾಕ್ರೋನೂ ಐತ್ರಿ' ಅಂದರು. ಲೆನ್ಸಿನ ಮೇಲೂ ಹಾಗೇ ಬರೆದಿತ್ತು. ಮನೆಗೆ ತಂದು ಇರುವೆಗೆ ಹಿಡಿದರೆ ಅದು ಒಂದು ಮೀಟರಿನ ಆಸುಪಾಸಿನಲ್ಲೇ ಮುಷ್ಕರ ಹೂಡಿತು. ಅದಕ್ಕಿಂತ ಹತ್ತಿರ ಹೋದರೆ ಫೋಕಸ್ ಇಲ್ಲ. ಅದರ ಮಿತಿ 1:2. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆ ಲೆನ್ಸಿನ ಕಥೆ ಅಲ್ಲಿಗೇ ಮುಗಿಯಲಿಲ್ಲ, ಆಮೇಲೆ ಹೇಳುತ್ತೇನೆ.

ಪರೀಕ್ಷೆ ಸುಲಭ. ಮಕ್ಕಳ ಕಂಪಾಸಿನಲ್ಲಿರುವ ಸ್ಕೇಲ್ ಸಾಕು. ಲೆನ್ಸನ್ನು ಅತಿ ಹತ್ತಿರದ ಫೋಕಸಿಗೆ ತಿರುಗಿಸಿ, ಸ್ಕೇಲು ಸ್ಪಷ್ಟವಾಗಿ ಕಾಣುವವರೆಗೆ ಕ್ಯಾಮೆರಾ ಮುಂದೆ ಹಿಂದೆ ಮಾಡಿ ಒಂದು ಫೋಟೊ ತೆಗೆಯಿರಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಫೋಟೊದ ಅಗಲಕ್ಕೆ ಸುಮಾರು 23 ಮಿ.ಮೀ. ಮಾತ್ರ ಕಂಡರೆ ಅದು 1:1. 47 ಕಂಡರೆ 1:2. ಫುಲ್ ಫ್ರೇಮ್‌ನಲ್ಲಿ ಇದೇ ಲೆಕ್ಕ 36 ಮತ್ತು 72.

ಇನ್ನೊಂದು ಲೆಕ್ಕ ಮೆಣಸಿನಕಾಯಿಯವರಿಗಾಗಿ. 24 ಮೆಗಾಪಿಕ್ಸೆಲ್ ಫೋಟೊದ ಅಗಲದಲ್ಲಿ ಸುಮಾರು 6,000 ಚುಕ್ಕಿಗಳಿರುತ್ತವೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 1:1 ಇಟ್ಟರೆ ಒಂದು ಮಿಲಿಮೀಟರಿಗೆ ಸುಮಾರು 255 ಚುಕ್ಕಿ ಬಂತು. ಆರು ಮಿ.ಮೀ. ಉದ್ದದ ಜಿಗಿಯುವ ಜೇಡಕ್ಕೆ 1,500 ಚುಕ್ಕಿ ಸಿಗುತ್ತದೆ. ಅದರ ಕಣ್ಣಿನ ಹೊಳಪೂ ಕಾಣುತ್ತದೆ. ಆದರೆ ಮೆಣಸಿನಕಾಯಿ ಹೂವಿನಲ್ಲಿ ಕೂರುವ ಥ್ರಿಪ್ಸ್ ಹುಳದ ಉದ್ದ ಒಂದು ಮಿ.ಮೀ. ಆಸುಪಾಸು. ಅದಕ್ಕೆ ಸಿಗುವುದು 255 ಚುಕ್ಕಿ ಮಾತ್ರ. ಹುಳ ಇದೆ ಅಂತ ಗೊತ್ತಾಗುತ್ತದೆ, ರೆಕ್ಕೆಯ ಅಂಚಿನ ಕೂದಲು ಎಣಿಸಲು ಆಗುವುದಿಲ್ಲ. ಅಂಥದ್ದಕ್ಕೆ 2:1, ಅಂದರೆ ಇದ್ದದ್ದರ ಎರಡು ಪಟ್ಟು, ಅಥವಾ ಅದಕ್ಕೂ ಜಾಸ್ತಿ ಬೇಕು.

ಡಬ್ಬಿಯ ಮೇಲಿನ ದೂರ, ಹುಳಕ್ಕೂ ಗಾಜಿಗೂ ಇರುವ ದೂರ

ಮ್ಯಾಕ್ರೋ ಲೆನ್ಸುಗಳು ಮೂರು ಗುಂಪಿನಲ್ಲಿ ಬರುತ್ತವೆ. 40ರಿಂದ 60 ಎಂಎಂ ಚಿಕ್ಕವು. 90ರಿಂದ 105 ನಡುವಿನವು. 150ರಿಂದ 200 ಉದ್ದನೆಯವು. ಮೂರೂ ಕೊಡುವುದು ಅದೇ 1:1. ಮಿರಗದ ಹುಳ ಮೂರರಲ್ಲೂ ಅಷ್ಟೇ ದೊಡ್ಡದಾಗಿ ಬರುತ್ತದೆ. ಹಾಗಾದರೆ ಉದ್ದನೆಯದಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ದೂರಕ್ಕೆ. ನೀವು ಕೊಳ್ಳುತ್ತಿರುವುದು ಹುಳಕ್ಕೂ ಲೆನ್ಸಿನ ಮುಂದಿನ ಗಾಜಿಗೂ ನಡುವೆ ಉಳಿಯುವ ಜಾಗವನ್ನು.

ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಡಬ್ಬಿಯ ಮೇಲೆ 'ಅತಿ ಹತ್ತಿರದ ಫೋಕಸ್ 30 ಸೆಂ.ಮೀ.' ಎಂದು ಬರೆದಿರುತ್ತದೆ. ಒಂದು ಅಡಿ ಜಾಗ ಇದೆ ಎಂದುಕೊಳ್ಳುತ್ತೇವೆ. ಆದರೆ ಆ ಅಳತೆ ಶುರುವಾಗುವುದು ಲೆನ್ಸಿನ ಮೂಗಿನಿಂದಲ್ಲ, ಕ್ಯಾಮೆರಾ ಒಳಗಿನ ಸೆನ್ಸರಿನಿಂದ. ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಸಣ್ಣ ಸೊನ್ನೆ, ಅದರ ನಡುವೆ ಹಾದುಹೋದ ಗೆರೆ ಕಾಣುತ್ತದೆ ನೋಡಿ. ಸೆನ್ಸರ್ ಇರುವುದು ಅಲ್ಲೇ. ಅಲ್ಲಿಂದ 30 ಸೆಂ.ಮೀ. ಅಳೆದು, ಕ್ಯಾಮೆರಾ ಮತ್ತು ಲೆನ್ಸಿನ ಉದ್ದ ಕಳೆದರೆ 100 ಎಂಎಂ ಲೆನ್ಸಿನಲ್ಲಿ ಉಳಿಯುವುದು 13-14 ಸೆಂ.ಮೀ. ಮಾತ್ರ. ಒಂದು ಗೇಣಿಗಿಂತ ಕಮ್ಮಿ. 60 ಎಂಎಂನಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಯಾವ ಲೆನ್ಸು ಎಂಬುದರ ಮೇಲೆ ಹೋಗುತ್ತದೆ, ಐದರಿಂದ ಒಂಬತ್ತು ಸೆಂ.ಮೀ. ಅಂದುಕೊಳ್ಳಿ. 180 ಎಂಎಂನಲ್ಲಿ ಕಾಲು ಮೀಟರಿನ ಹತ್ತಿರ. ಲೆನ್ಸಿಗೆ ಬಿಸಿಲು ತಡೆಯುವ ಹುಡ್ ಹಾಕಿದರೆ ಇದರಲ್ಲೂ ಒಂದಷ್ಟು ಅದೇ ತಿನ್ನುತ್ತದೆ.

ಐದು ಸೆಂ.ಮೀ. ಹತ್ತಿರ ಹೋದರೆ ಎರಡು ತೊಂದರೆ. ಒಂದು, ಹುಳ ಓಡುತ್ತದೆ. ಎರಡು, ಓಡದಿದ್ದರೂ ಲೆನ್ಸಿನ ನೆರಳು ಅದರ ಮೇಲೇ ಬೀಳುತ್ತದೆ.

ಈಗ ಜೀವಿಗಳನ್ನು ಒಂದೊಂದಾಗಿ ನೋಡೋಣ. ಹುಲ್ಲಿನ ಹೂವು, ಅಣಬೆ, ಬೀಜ, ಗೋಡೆಯ ಪಾಚಿ ಎಲ್ಲಿಗೂ ಹೋಗುವುದಿಲ್ಲ. ಅವಕ್ಕೆ 60 ಎಂಎಂ ಸಾಕು. ಹಗುರ, ಸೋವಿ. ಮಿರಗದ ಹುಳವೂ ಇದೇ ಸಾಲಿಗೆ ಸೇರುತ್ತದೆ. ನಿಜ ಹೇಳಬೇಕೆಂದರೆ ಅದು ಕೀಟವೇ ಅಲ್ಲ, ಎಂಟು ಕಾಲಿನ ಜೇಡಗಳ ಬಳಗದ್ದು. ನಿಧಾನಕ್ಕೆ ನಡೆಯುತ್ತದೆ, ಮುಟ್ಟಿದರೆ ಕಾಲು ಮಡಚಿಕೊಂಡು ಸುಮ್ನೆ ಕೂರುತ್ತದೆ. ಮಣ್ಣಿನ ಮೇಲೆ ಮೊಣಕೈ ಊರಿದರೆ ಚಿಕ್ಕ ಲೆನ್ಸಿನಲ್ಲೂ ಆರಾಮಾಗಿ ಸಿಗುತ್ತದೆ.

ಕೆಲಗೇರಿ ಕಡೆಯ ಮಾವಿನ ತೋಟದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಿಗಳಿಗಳದ್ದು ಬೇರೆ ಸ್ವಭಾವ. ಅವು ಓಡುವುದಿಲ್ಲ, ನಿಮ್ಮ ಕಡೆಗೇ ಬರುತ್ತವೆ. ಐದು ಸೆಂ.ಮೀ. ದೂರದಲ್ಲಿ ನಿಂತರೆ ಲೆನ್ಸ್ ಹತ್ತಿ, ಕೈ ಹತ್ತಿ, ಕಚ್ಚಿಯೇ ಇಳಿಯುತ್ತವೆ. ಇಲ್ಲಿ 100 ಎಂಎಂ ಕೊಡುವ ಆ 13-14 ಸೆಂ.ಮೀ. ಜಾಗಕ್ಕೆ ಬೆಲೆ ಬರುತ್ತದೆ. ಜಿಗಿಯುವ ಜೇಡ, ಎಕ್ಕೆ ಗಿಡದ ಮೇಲಿನ ಬಣ್ಣದ ಮಿಡತೆ, ಹತ್ತಿ ಹೊಲದ ಕೆಂಪು ತಿಗಣೆ ಎಲ್ಲಕ್ಕೂ ಇದೇ ಅಳತೆ ಹೊಂದುತ್ತದೆ.

ಪಾತರಗಿತ್ತಿ ಮತ್ತು ಡ್ರ್ಯಾಗನ್‌ಫ್ಲೈ (ನಾವು ಚಿಕ್ಕವರಿದ್ದಾಗ ಏರೋಪ್ಲೇನ್ ಚಿಟ್ಟೆ ಅನ್ನುತ್ತಿದ್ದೆವು) ಭಾರೀ ಪುಕ್ಕಲು. ಅವಕ್ಕೆ 180 ಎಂಎಂ ಬೇಕೇ ಬೇಕು ಎಂದು ತುಂಬ ಜನ ಹೇಳುತ್ತಾರೆ. ಆದರೆ ಒಂದು ಸಂಗತಿ ಮರೆಯುತ್ತಾರೆ. ಎಕ್ಕೆ ಗಿಡದ ಸುತ್ತ ಹಾರುವ ಕಿತ್ತಳೆ ಬಣ್ಣದ ಪಾತರಗಿತ್ತಿ ರೆಕ್ಕೆ ಬಿಚ್ಚಿದರೆ ಏಳೆಂಟು ಸೆಂ.ಮೀ. ಅಗಲ. ಅದನ್ನು 23.5 ಮಿ.ಮೀ. ಸೆನ್ಸರಿನಲ್ಲಿ ಕೂರಿಸಲು 1:1 ಬೇಡವೇ ಬೇಡ. 1:3ಕ್ಕೇ ಫ್ರೇಮ್ ತುಂಬಿ ಹೋಗುತ್ತದೆ. ಹಿಗ್ಗಿಸುವುದು ಕಮ್ಮಿಯಾದಷ್ಟೂ ನಿಲ್ಲುವ ದೂರ ಜಾಸ್ತಿಯಾಗುತ್ತದೆ. ಹೀಗಾಗಿ ಅದೇ 100 ಎಂಎಂನಲ್ಲೂ ಮೊಳದಷ್ಟು ಹಿಂದೆ ಸರಿದು ತೆಗೆಯಬಹುದು. ದೊಡ್ಡ ಪುಕ್ಕಲು ಜೀವಿಗಳಿಗೆ ದೂರ ಪುಕ್ಕಟೆಯಾಗಿ ಸಿಗುತ್ತದೆ!

ನನ್ನ ಆ 70-300 ಮರ್ಯಾದೆ ಗಳಿಸಿದ್ದು ಇಲ್ಲೇ. ಒಂದು ಮೀಟರ್ ದೂರದಿಂದ 1:2 ಕೊಡುವ ಲೆನ್ಸು ಇರುವೆಗೆ ನಿಷ್ಪ್ರಯೋಜಕ. ಆದರೆ ಕೆಲಗೇರಿ ಕೆರೆ ದಂಡೆಯ ಜೊಂಡಿನ ಮೇಲೆ ಕೂತ ಡ್ರ್ಯಾಗನ್‌ಫ್ಲೈಗೆ ಅದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ನಿಮ್ಮ ಹತ್ತಿರ ಹಕ್ಕಿಗಳಿಗಾಗಿ ಕೊಂಡ ಟೆಲಿ ಝೂಮ್ ಇದ್ದರೆ, ಪಾತರಗಿತ್ತಿಗೆಂದು ಬೇರೆ ಲೆನ್ಸ್ ಕೊಳ್ಳುವ ಮುಂಚೆ ಅದನ್ನೇ ಒಂದು ವಾರ ಬಳಸಿ ನೋಡಿ.

ಉದ್ದ ಲೆನ್ಸಿನ ಇನ್ನೊಂದು ಗುಣ ಹಿನ್ನೆಲೆಯದು. ಅದು ಹುಳದ ಹಿಂದಿನ ಜಾಗದ ಚಿಕ್ಕ ತುಂಡನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಹಿನ್ನೆಲೆ ನುಣ್ಣಗೆ ಒಂದೇ ಬಣ್ಣದಲ್ಲಿ ಬರುತ್ತದೆ. ಚಿಕ್ಕ ಲೆನ್ಸಿನಲ್ಲಿ ಸುತ್ತಲಿನ ಕಡ್ಡಿ, ಹುಲ್ಲು, ಹೊಲ ಎಲ್ಲ ಒಳಗೆ ಬರುತ್ತವೆ. ಹುಳ ಎಲ್ಲಿ ಬದುಕುತ್ತದೆ ಎಂದು ತೋರಿಸಬೇಕಿದ್ದರೆ ಅದೇ ಚೆನ್ನ.

ಕಡಕ್ ರೊಟ್ಟಿಯಷ್ಟು ದಪ್ಪದ ಸ್ಪಷ್ಟತೆ

ಮೊದಲ ಸಲ ಮ್ಯಾಕ್ರೋ ಹಿಡಿದವರೆಲ್ಲ ಲೆನ್ಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಣ್ಣು ಸ್ಪಷ್ಟ, ಮೀಸೆ ಮಸುಕು. ಮೀಸೆ ಸ್ಪಷ್ಟ, ಕಣ್ಣು ಮಸುಕು. ಕೆಟ್ಟದ್ದು ಏನೂ ಇಲ್ಲ.

ಫೋಟೊದಲ್ಲಿ ಮುಂದಿನಿಂದ ಹಿಂದಕ್ಕೆ ಎಷ್ಟು ಜಾಗ ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ. ದೂರದ ಗುಡ್ಡದ ಫೋಟೊದಲ್ಲಿ ಇದು ಕಿಲೋಮೀಟರ್‌ಗಟ್ಟಲೆ. 1:1ರಲ್ಲಿ ಮಿಲಿಮೀಟರ್ ಲೆಕ್ಕ. ಲೆನ್ಸಿನೊಳಗಿನ ಕಿಂಡಿಯನ್ನು ಎಫ್ 2.8ಕ್ಕೆ ಅಗಲವಾಗಿ ತೆರೆದರೆ ಸ್ಪಷ್ಟತೆಯ ದಪ್ಪ ಒಂದು ಮಿ.ಮೀ.ನ ಮೂರನೇ ಒಂದು ಭಾಗ. ಎಫ್ 8ಕ್ಕೆ ಕಿರಿದು ಮಾಡಿದರೆ ಸುಮಾರು ಒಂದು ಮಿ.ಮೀ., ಅಂದರೆ ತೆಳ್ಳಗೆ ಬಡಿದ ಕಡಕ್ ರೊಟ್ಟಿಯಷ್ಟು. ಎಫ್ 16ಕ್ಕೆ ಎರಡು ಮಿ.ಮೀ. ಆ ರೊಟ್ಟಿಯನ್ನು ಗಾಳಿಯಲ್ಲಿ ಲೆನ್ಸಿಗೆ ಎದುರಾಗಿ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಹುಳದ ಯಾವ ಭಾಗ ಆ ರೊಟ್ಟಿಯೊಳಗೆ ಸಿಕ್ಕುತ್ತದೋ ಅದು ಮಾತ್ರ ಸ್ಪಷ್ಟ. ಪಾತರಗಿತ್ತಿಯನ್ನು ಬದಿಯಿಂದ, ರೆಕ್ಕೆಗೆ ಸರಿಸಮವಾಗಿ ನಿಂತು ತೆಗೆಯಿರಿ ಎಂದು ಹೇಳುವುದು ಇದಕ್ಕೇ. ಇಡೀ ರೆಕ್ಕೆ ರೊಟ್ಟಿಯೊಳಗೆ ಬರುತ್ತದೆ.

ಲೆನ್ಸ್ ಆರಿಸುವಾಗ ಇದು ಯಾಕೆ ಮುಖ್ಯ? 1:1ರಲ್ಲಿ ಈ ದಪ್ಪ 60 ಎಂಎಂಗೂ ಅಷ್ಟೇ, 180 ಎಂಎಂಗೂ ಅಷ್ಟೇ. ಚಿಕ್ಕ ಲೆನ್ಸ್ ತಗೊಂಡರೆ ಜಾಸ್ತಿ ಸ್ಪಷ್ಟ ಬರುತ್ತದೆ ಎಂಬುದು ಬರೀ ನಂಬಿಕೆ. ಹಾಗೆಯೇ ಎಫ್ 2.8 ಇದೆ ಎಂದು ಜಾಸ್ತಿ ದುಡ್ಡು ಕೊಡುವ ಅಗತ್ಯವೂ ಇಲ್ಲ. ಹುಳ ತೆಗೆಯುವಾಗ ನೀವು ಇರುವುದು ಎಫ್ 8ರಿಂದ 16ರ ನಡುವೆಯೇ.

ಹಾಗಾದರೆ ಎಫ್ 32ಕ್ಕೆ ಹೋಗಬಹುದಲ್ವಾ? ಬೇಡ. ನಲ್ಲಿಯ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ನೇರ ಹೋಗದೆ ಹರಡುತ್ತದೆ. ಕಾರಣ ಬೇರೆ ಇರಬಹುದು, ಆದರೆ ಕಿಂಡಿ ತೀರಾ ಸಣ್ಣದಾದಾಗ ಬೆಳಕೂ ಹೀಗೇ ಹರಡುತ್ತದೆ. ಆಗ ಇಡೀ ಫೋಟೊ ಮೇಲೆ ತೆಳುವಾದ ಮಂಜು ಕೂತ ಹಾಗೆ ಕಾಣುತ್ತದೆ. ಹತ್ತಾರು ಫೋಟೊಗಳನ್ನು ಒಂಚೂರು ಮುಂದೆ ಹಿಂದೆ ಫೋಕಸ್ ಮಾಡಿ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸುವ ಫೋಕಸ್ ಸ್ಟ್ಯಾಕಿಂಗ್ ಎಂಬ ದಾರಿ ಇದೆ. ಅದಕ್ಕೆ ಹುಳ ಅಲ್ಲಾಡಬಾರದು.

ಬೆಳಕು ಮತ್ತು ಗಾಳಿ

ಟಾರ್ಚನ್ನು ಗೋಡೆಯಿಂದ ದೂರ ಒಯ್ದಷ್ಟೂ ಗೋಡೆಯ ಮೇಲಿನ ಬೆಳಕು ಮಂಕಾಗುತ್ತದೆ. ಮ್ಯಾಕ್ರೋದಲ್ಲೂ ಅಷ್ಟೇ. ಹತ್ತಿರದ್ದನ್ನು ಹಿಡಿಯಲು ಲೆನ್ಸಿನ ಗಾಜು ಸೆನ್ಸರಿನಿಂದ ದೂರ ಸರಿಯಬೇಕು. ಸಾಮಾನ್ಯ ವಿನ್ಯಾಸದ ಲೆನ್ಸಿನಲ್ಲಿ 1:1ಕ್ಕೆ ಬರುವ ಹೊತ್ತಿಗೆ ಸೆನ್ಸರಿಗೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿದಿರುತ್ತದೆ. ಮೇಲಿಂದ ನಾವು ಕಿಂಡಿ ಬೇರೆ ಕಿರಿದು ಮಾಡಿದ್ದೇವೆ. ಹೊರಗೆ ಮಿರಗದ ಮೋಡ. ಬೆಳಕಿಗೆ ಬರ ಬರುವುದು ಸಹಜ.

ಬೆಳಕು ಕಮ್ಮಿಯಾದರೆ ಕ್ಯಾಮೆರಾ ಜಾಸ್ತಿ ಹೊತ್ತು ತೆರೆದಿರಬೇಕಾಗುತ್ತದೆ, ಆಗ ಕೈನಡುಕ ಕಾಣುತ್ತದೆ. ನಡುಕ ತಡೆಯುವ ಸ್ಟೆಬಿಲೈಸೇಶನ್ ಇರುವ ಲೆನ್ಸ್ ದುಬಾರಿ. ಅದು ಎಷ್ಟು ಉಪಯೋಗಕ್ಕೆ ಬರುತ್ತದೆ? ಕ್ಯಾನನ್ 2009ರಲ್ಲಿ ತಂದ 100 ಎಂಎಂ ಎಲ್ ಲೆನ್ಸಿಗೆ ಕಂಪನಿಯೇ ಕೊಟ್ಟ ಲೆಕ್ಕ ಹೀಗಿದೆ: ದೂರದ ದೃಶ್ಯಕ್ಕೆ ನಾಲ್ಕು ಸ್ಟಾಪ್ ನೆರವು, 1:1ರಲ್ಲಿ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಕ್ಯಾಮೆರಾ ಎರಡು ಪಟ್ಟು ಹೊತ್ತು ತೆರೆದಿದ್ದರೂ ನಡುಕ ಕಾಣದು). ಮ್ಯಾಕ್ರೋ ದೂರದಲ್ಲಿ ಸ್ಟಾಪುಗಳ ಲೆಕ್ಕ ಅರ್ಧಕ್ಕೆ ಇಳಿಯಿತು. ಇದ್ದರೆ ಒಳ್ಳೆಯದು, ಇಲ್ಲ ಎಂದು ಒಳ್ಳೆಯ ಹಳೆಯ ಲೆನ್ಸ್ ಬಿಡಬೇಡಿ.

ಗಾಳಿಗಂತೂ ಯಾವ ಲೆನ್ಸೂ ಮದ್ದಲ್ಲ. ಗದಗಿನ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ. ಅಲ್ಲಿ ಹುಲ್ಲಿನ ಹೂವು ಒಂದು ಸೆಂಟಿಮೀಟರ್ ಓಲಾಡಿದರೆ ನಿಮ್ಮ 23 ಮಿ.ಮೀ. ಫ್ರೇಮಿನ ಅರ್ಧಕ್ಕರ್ಧ ಆಚೆ ಹೋದ ಹಾಗೆ. (2019ರಿಂದ ಅದು ವನ್ಯಜೀವಿಧಾಮ, ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯನ್ನು ಕೇಳಿ.) ಸೂರ್ಯ ಹುಟ್ಟುವ ಹೊತ್ತಿನಲ್ಲಿ ಗಾಳಿ ಸಾಮಾನ್ಯವಾಗಿ ಕಮ್ಮಿ. ಚಳಿಗಾಲದಲ್ಲಿ ಇನ್ನೊಂದು ಲಾಭ. ಮೈ ಬಿಸಿಯಾಗುವ ತನಕ ಕೀಟಗಳಿಗೆ ಹಾರಲು ಆಗುವುದಿಲ್ಲ. ಇಬ್ಬನಿ ಹೊತ್ತು ಕೂತ ಡ್ರ್ಯಾಗನ್‌ಫ್ಲೈ ಎದುರು 60 ಎಂಎಂ ಕೂಡ ನಡೆಯುತ್ತದೆ.

ಹೆಚ್ಚಿನವರು ಕೊನೆಗೆ ಫ್ಲ್ಯಾಶಿಗೆ ಬರುತ್ತಾರೆ. ಅದರ ಬೆಳಕು ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಮ್ಮಿ ಹೊತ್ತು ಇರುವುದರಿಂದ ಕೈನಡುಕವೂ ಗಾಳಿಯೂ ಅಲ್ಲೇ ನಿಂತುಬಿಡುತ್ತವೆ. ಮುಂದೆ ಟ್ರೇಸಿಂಗ್ ಪೇಪರಿನ ಪರದೆ ಕಟ್ಟಿದರೆ ಬೆಳಕು ಮೃದುವಾಗುತ್ತದೆ. ನನ್ನನ್ನು ಕೇಳಿದರೆ, ಕೈಯಲ್ಲಿರುವ ದುಡ್ಡಿನಲ್ಲಿ ದುಬಾರಿ ಲೆನ್ಸ್ ಒಂದೇ ಕೊಳ್ಳುವ ಬದಲು ಸಾಧಾರಣ ಲೆನ್ಸ್ ಮತ್ತು ಒಂದು ಫ್ಲ್ಯಾಶ್ ತಗೊಳ್ಳಿ ಅನ್ನುತ್ತೇನೆ.

ಲೆನ್ಸ್ ಕೊಳ್ಳದೆಯೇ ನೋಡಬೇಕೆಂದರೆ

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ನೋಡಿದ್ದೀರಲ್ಲ. ಕ್ಲೋಸ್-ಅಪ್ ಲೆನ್ಸ್ ಅಂದರೆ ಅದೇ, ಕ್ಯಾಮೆರಾದ ಕಣ್ಣಿಗೆ. ಇವುಗಳಲ್ಲಿ ರೇನಾಕ್ಸ್ ಡಿಸಿಆರ್-250 ಹೆಸರುವಾಸಿ. ಅದು 8 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆಯೇ) ಶಕ್ತಿಯದು. 52ರಿಂದ 67 ಮಿ.ಮೀ. ಬಾಯಿಯ ಲೆನ್ಸುಗಳ ಮುಂದೆ ಕ್ಲಿಪ್ಪಿನಂತೆ ಕೂರುತ್ತದೆ. 250 ಎಂಎಂವರೆಗಿನ ಝೂಮಿನ ಮುಂದೆ ಹಾಕಿದರೆ ಸುಮಾರು 2:1 ಸಿಗುತ್ತದೆ. ಹುಳದಿಂದ 11-12 ಸೆಂ.ಮೀ. ದೂರವೂ ಉಳಿಯುತ್ತದೆ. ಥ್ರಿಪ್ಸ್ ನೋಡಬೇಕೆನ್ನುವ ರೈತರಿಗೆ ನಾನು ಮೊದಲು ಹೇಳುವುದು ಇದನ್ನೇ.

ಎಕ್ಸ್‌ಟೆನ್ಶನ್ ಟ್ಯೂಬ್ ಎಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಬರೀ ಟೊಳ್ಳು ಕೊಳವೆ. ಒಳಗೆ ಗಾಜಿಲ್ಲ. 50 ಎಂಎಂ ಲೆನ್ಸಿಗೆ 25 ಮಿ.ಮೀ. ಕೊಳವೆ ಹಾಕಿದರೆ 1:2, 50 ಮಿ.ಮೀ. ಹಾಕಿದರೆ 1:1. ತೀರಾ ಸೋವಿ ಕೊಳವೆಗಳಲ್ಲಿ ವಿದ್ಯುತ್ ಸಂಪರ್ಕದ ಪಿನ್ನುಗಳಿರುವುದಿಲ್ಲ, ಕಿಂಡಿಯನ್ನು ಕಿರಿದು ಮಾಡಲು ಬರುವುದಿಲ್ಲ. ಪಿನ್ನು ಇರುವುದನ್ನೇ ಕೇಳಿ. ರಿವರ್ಸ್ ರಿಂಗ್ ಹಾಕಿ ಲೆನ್ಸನ್ನು ಉಲ್ಟಾ ಸಿಕ್ಕಿಸುವುದು ಎಲ್ಲಕ್ಕಿಂತ ಸೋವಿ, ಎಲ್ಲಕ್ಕಿಂತ ತಾಪತ್ರಯ.

ಹೆಸರುಗಳ ಗೊಂದಲ

ನಿಕಾನ್‌ನವರು ತಮ್ಮ ಮ್ಯಾಕ್ರೋ ಲೆನ್ಸಿಗೆ ಮೈಕ್ರೋ ಎಂದು ಕರೆಯುತ್ತಾರೆ. ಎರಡೂ ಒಂದೇ. ಕ್ಯಾನನ್ 100, ನಿಕಾನ್ 105, ಟ್ಯಾಮ್ರಾನ್ 90, ಸಿಗ್ಮಾ 105 ಎಲ್ಲ ನಡುವಿನ ಗುಂಪಿನವು. ಇವುಗಳ ಚಿತ್ರದ ಗುಣಮಟ್ಟದಲ್ಲಿ ಇರುವ ವ್ಯತ್ಯಾಸ ಹೊಲದಲ್ಲಿ ನಿಂತಾಗ ಗೊತ್ತಾಗುವುದಿಲ್ಲ. ಲಾಓವಾ (Laowa) 100 ಎಂಎಂ 2:1ರವರೆಗೆ ಹೋಗುತ್ತದೆ. ಕ್ಯಾನನ್‌ನ ಎಂಪಿ-ಇ 65 ಶುರುವಾಗುವುದೇ 1:1ರಿಂದ, ಮುಗಿಯುವುದು 5:1ರಲ್ಲಿ. ಅದರಲ್ಲಿ ದೂರದ ಫೋಟೊ ಬರುವುದೇ ಇಲ್ಲ. ಮೊದಲ ಮ್ಯಾಕ್ರೋ ಲೆನ್ಸಾಗಿ ಅದನ್ನು ಕೊಳ್ಳಬೇಡಿ.

ನಿಕಾನ್‌ನ 3000 ಮತ್ತು 5000 ಸರಣಿಯ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರ್ ಇಲ್ಲ. ತನ್ನೊಳಗೂ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಆಟೋಫೋಕಸ್ ಕೆಲಸ ಮಾಡುವುದಿಲ್ಲ. ಮ್ಯಾಕ್ರೋದಲ್ಲಿ ಅದು ದೊಡ್ಡ ನಷ್ಟವೇನಲ್ಲ. 1:1ರಲ್ಲಿ ಹೆಚ್ಚಿನವರು ಫೋಕಸನ್ನು ಒಂದು ಕಡೆ ಇಟ್ಟು, ಉಸಿರು ಬಿಗಿಹಿಡಿದು, ಮೈಯನ್ನೇ ಮುಂದೆ ಹಿಂದೆ ಬಾಗಿಸಿ ತೆಗೆಯುತ್ತಾರೆ.

ಸೆಕೆಂಡ್ ಹ್ಯಾಂಡ್ ಮತ್ತು ಮಳೆಗಾಲ

ಮ್ಯಾಕ್ರೋ ಲೆನ್ಸುಗಳು ಸೆಕೆಂಡ್ ಹ್ಯಾಂಡಿನಲ್ಲಿ ಆಗಾಗ ಸಿಗುತ್ತವೆ. ಉಮೇದಿನಲ್ಲಿ ಕೊಂಡವರು ನೆಲದ ಮೇಲೆ ಮಲಗಲು ಬೇಸತ್ತು ಮಾರುತ್ತಾರೆ. ನೋಡಲು ಹೋಗುವಾಗ ನಿಮ್ಮ ಕ್ಯಾಮೆರಾ, ಆ ಸ್ಕೇಲ್, ಒಂದು ಟಾರ್ಚ್ ಒಯ್ಯಿರಿ. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಧೂಳಿನ ಕಣಗಳಿದ್ದರೆ ಚಿಂತೆ ಇಲ್ಲ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳಿದ್ದರೆ ಅದು ಫಂಗಸ್, ಅಲ್ಲಿಂದಲೇ ವಾಪಸ್ ಬನ್ನಿ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬೀರುವಿನೊಳಗೆ ಇಟ್ಟ ಹೊಸ ಲೆನ್ಸಿಗೂ ಫಂಗಸ್ ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಇದ್ದರೆ ಸಾಕು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದು ತೇವ ಕುಡಿದು ತುಂಬಿದೆ ಎಂದರ್ಥ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆದರೆ ಅದಕ್ಕೆ ರೊಟ್ಟಿಯ ಹಂಚು ಬಳಸಬೇಡಿ, ಹಳೆಯ ತಗಡೊಂದನ್ನು ಬೇರೆಯೇ ಇಟ್ಟುಕೊಳ್ಳಿ. ಆ ನೀಲಿ ಬಣ್ಣ ಕೋಬಾಲ್ಟಿನದು, ಹೊಟ್ಟೆಗೆ ಹೋಗುವಂಥದ್ದಲ್ಲ.